ಇಪ್ಪತ್ತು-ಎಂಬತ್ತರ ನಿಯಮ: ಎಲ್ಲಿಯವರೆಗೆ ಸರಿ?

ಕಳೆದ ಬೇಸಿಗೆಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಪ್ರಯೋಗಾಲಯದಲ್ಲಿ ನನ್ನ ಬಳಿ ಬಂದು ತನ್ನ ಸ್ಮಾರ್ಟ್ ವಾಚ್ ತೋರಿಸಿದಳು. "ಸರ್, ಹೋದ ತಿಂಗಳು ಬ್ಯಾಟರಿ ಆರೋಗ್ಯ 91 ಇತ್ತು, ಈಗ 88 ಆಗಿದೆ. ದಿನಾ ಇಪ್ಪತ್ತಕ್ಕೆ ಚಾರ್ಜಿಗೆ ಹಾಕಿ ಎಂಬತ್ತಕ್ಕೆ ತೆಗೀತೀನಿ. ಆದರೂ ಯಾಕೆ ಇಳೀತು?" ಎಂದಳು. ಅವಳ ಮುಖದಲ್ಲಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರ ಅಳುಕಿತ್ತು. ಈ ನಿಯಮ ಪಾಲಿಸಲು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ವಾಚನ್ನು ಬಿಚ್ಚಿಡುತ್ತಿದ್ದಳಂತೆ.

ಇಂತಹ ನಿಯಮಗಳನ್ನು ನೀವೂ ಕೇಳಿರುತ್ತೀರಿ. ಹೊಸ ವಾಚನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕು. ತಿಂಗಳಿಗೊಮ್ಮೆ ಪೂರ್ತಿ ಬರಿದು ಮಾಡಬೇಕು. ರಾತ್ರಿಯಿಡೀ ಚಾರ್ಜಿಗೆ ಇಡಬಾರದು. ಯಾವಾಗಲೂ ಶೇಕಡಾ 20ರಿಂದ 80ರ ಒಳಗೇ ಇರಿಸಬೇಕು. ಅಂಗಡಿಯಾತ ಹೇಳುತ್ತಾನೆ, ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತದೆ, ಅಧ್ಯಾಪಕರೂ ಹೇಳುತ್ತಾರೆ. ಯಾರೂ ಕಾರಣ ಹೇಳುವುದಿಲ್ಲ. ಈ ನಾಲ್ಕನ್ನೂ ಇಲ್ಲಿ ತೂಗಿ ನೋಡೋಣ.

ಹಳೆಯ ಕೋಶದ ಪಾಠ

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. 1990ರ ದಶಕದಲ್ಲಿ ನಾನು ಪಾಠ ಹೇಳಲು ಆರಂಭಿಸಿದಾಗ, "ಪೂರ್ತಿ ಬರಿದು ಮಾಡಿ ಆಮೇಲೆ ಚಾರ್ಜ್ ಮಾಡಿ" ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆಗ ನಮ್ಮ ಕೈಯಲ್ಲಿದ್ದುದು ನಿಕಲ್-ಕ್ಯಾಡ್ಮಿಯಂ ಕೋಶ. ಪ್ರತಿ ಸಲವೂ ಒಂದೇ ಮಟ್ಟಕ್ಕೆ ಅರೆಬರೆ ಬರಿದು ಮಾಡಿ ತುಂಬುತ್ತ ಹೋದರೆ ಆ ಕೋಶದ ವೋಲ್ಟೇಜು ಆ ಮಟ್ಟದಲ್ಲೇ ಕುಸಿಯತೊಡಗುತ್ತಿತ್ತು. ಇದಕ್ಕೆ 'ನೆನಪಿನ ಪರಿಣಾಮ' ಎಂಬ ಹೆಸರು. ಎಂಟು ಗಂಟೆಯ ನಿಯಮವೂ ಅದೇ ಕಾಲದ್ದು. ನಿಕಲ್ ಕೋಶಗಳನ್ನು ಅತಿ ಕಡಿಮೆ ಪ್ರವಾಹದಲ್ಲಿ ಹದಿನಾಲ್ಕು-ಹದಿನಾರು ಗಂಟೆಯವರೆಗೂ ತುಂಬುವ ರೂಢಿ ಇತ್ತು.

ಬಳಿಕ ಮೊಬೈಲ್ ಫೋನುಗಳಲ್ಲಿ ಲಿಥಿಯಂ-ಅಯಾನು ಕೋಶ ಬಂದಿತು. ಕೋಶ ಬದಲಾಯಿತು, ನನ್ನ ಟಿಪ್ಪಣಿ ಪುಸ್ತಕ ಬದಲಾಗಲಿಲ್ಲ. ಹಲವು ವರ್ಷ ನಾನು ಹಳೆಯ ಸಲಹೆಯನ್ನೇ ಹೊಸ ಕೋಶಕ್ಕೂ ಹೇಳಿದೆ. ಒಂದು ವ್ಯವಸ್ಥೆಗೆ ಸರಿಯಾದ ನಿಯಮವನ್ನು ಅದರ ಷರತ್ತು ಮರೆತು ಇನ್ನೊಂದಕ್ಕೆ ಅನ್ವಯಿಸಿದರೆ ಆಗುವುದು ಇದೇ. ಲಿಥಿಯಂ ಕೋಶವನ್ನು ಆಗಾಗ ಪೂರ್ತಿ ಬರಿದು ಮಾಡುವುದರಿಂದ ಅದಕ್ಕೆ ಲಾಭವಿಲ್ಲ. ಬರಿದಾದ ವಾಚನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಬಿಟ್ಟರೆ ಹಾನಿಯೇ ಹೆಚ್ಚು.

ಕೋಶದೊಳಗೆ ನಡೆಯುವುದೇನು?

ಲಿಥಿಯಂ-ಅಯಾನು ಕೋಶವನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನ ನೊಬೆಲ್ ಪ್ರಶಸ್ತಿ ದೊರೆಯಿತು. ಇದರಲ್ಲಿ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲಿಥಿಯಂ ಕೋಬಾಲ್ಟ್ ಆಕ್ಸೈಡಿನಂತಹ ಸಂಯುಕ್ತ, ನಡುವೆ ವಿದ್ಯುದ್ವಿಭಾಜ್ಯ ಇರುತ್ತವೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಸೇರುತ್ತವೆ. ಬಳಸುವಾಗ ಹಿಂದಿರುಗುತ್ತವೆ.

ಎಲ್ಲ ಅಯಾನುಗಳೂ ಹಿಂದಿರುಗುವುದಿಲ್ಲ. ಗ್ರಾಫೈಟಿನ ಮೈಮೇಲೆ ವಿದ್ಯುದ್ವಿಭಾಜ್ಯವು ವಿಘಟನೆಗೊಂಡು ಒಂದು ತೆಳುಪದರ ಉಂಟಾಗುತ್ತದೆ. ಒಂದಿಷ್ಟು ಲಿಥಿಯಂ ಈ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಇಮ್ಯಾನುಯೆಲ್ ಪೆಲೆಡ್ ಎಂಬ ವಿಜ್ಞಾನಿ 1979ರಲ್ಲಿ ಇದನ್ನು ವಿವರಿಸಿದರು. ಅಲ್ಯೂಮಿನಿಯಂ ಪಾತ್ರೆಯ ಮೇಲಿನ ಆಕ್ಸೈಡು ಪದರದಂತೆ ಇದೂ ರಕ್ಷಕ. ದಪ್ಪವಾದಷ್ಟೂ ತನ್ನ ಬೆಳವಣಿಗೆಯನ್ನು ತಾನೇ ತಡೆಯುತ್ತದೆ. ಆದ್ದರಿಂದ ಇದರಿಂದಾಗುವ ನಷ್ಟವು ಸ್ಥೂಲವಾಗಿ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಮೊದಲ ವರ್ಷ ಶೇಕಡಾ 4 ಹೋಯಿತೆಂದುಕೊಳ್ಳಿ. ನಾಲ್ಕು ವರ್ಷಕ್ಕೆ ಹೋಗುವುದು 16 ಅಲ್ಲ, 8. ಚಾರ್ಜ್ ಆವರ್ತಗಳಿಂದಾಗುವ ಸವೆತ ಬೇರೆ. ಅದನ್ನು ಇದಕ್ಕೆ ಕೂಡಿಸಿಕೊಳ್ಳಬೇಕು.

ವಿದ್ಯಾರ್ಥಿನಿಯ ಅಳುಕಿಗೆ ಅರ್ಧ ಉತ್ತರ ಇಲ್ಲಿದೆ. ಹೊಸತರಲ್ಲಿ ಸಂಖ್ಯೆ ಬೇಗ ಇಳಿಯುವುದು ಸಹಜ. ಅದು ಅವಳ ತಪ್ಪಲ್ಲ.

ಪರದೆಯ ಮೇಲಿನ ಸಂಖ್ಯೆ

ಉಳಿದರ್ಧ ಆ ಸಂಖ್ಯೆಯಲ್ಲೇ ಇದೆ. 88 ಎಂಬುದನ್ನು ಯಾರೂ ಸ್ಕೇಲು ಇಟ್ಟು ಅಳೆದಿಲ್ಲ. ವಾಚಿನೊಳಗಿನ ಮಂಡಲವು ಸಣ್ಣ ರೋಧಕವೊಂದರ ಮೂಲಕ ಹರಿಯುವ ಪ್ರವಾಹವನ್ನು ಗಮನಿಸಿ, ಕಾಲದೊಂದಿಗೆ ಕೂಡಿಸುತ್ತ ಹೋಗುತ್ತದೆ. ಪ್ರತಿ ಅಳತೆಯ ಸಣ್ಣ ದೋಷವೂ ಜೊತೆಗೆ ಕೂಡುತ್ತದೆ. ಕೋಶದ ತಾಪ ಮತ್ತು ವಿಭವಾಂತರವನ್ನು ನೋಡಿ ಆಗಾಗ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಕೊನೆಗೆ ತೋರುವುದು ಒಂದು ಅಂದಾಜು.

ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ದೋಷದ ವ್ಯಾಪ್ತಿ ಬರೆಯದೆ ಉತ್ತರ ಕೊಟ್ಟರೆ ನಾವು ಅಂಕ ಕಳೆಯುತ್ತೇವೆ. ವಾಚು ಮಾತ್ರ ಬರಿಯ 88 ಎಂದು ಹೇಳಿ ಸುಮ್ಮನಾಗುತ್ತದೆ. ಅಂದಾಜಿನ ದೋಷ ಎರಡು-ಮೂರು ಇದ್ದರೆ 91 ಮತ್ತು 88ರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಅರ್ಥವಿಲ್ಲ. ಅಪರೂಪಕ್ಕೆ ಪೂರ್ತಿ ಬರಿದು ಮಾಡಿ ತುಂಬಿದಾಗ "ಬ್ಯಾಟರಿ ಸರಿಹೋಯಿತು" ಎನ್ನುವವರಿದ್ದಾರೆ. ಅಲ್ಲಿ ಸರಿಹೋಗುವುದು ಕೋಶವಲ್ಲ, ಲೆಕ್ಕ.

ಎಂಬತ್ತರ ಬೆಲೆ

ಈಗ 20-80ರ ನಿಯಮಕ್ಕೆ ಬರೋಣ. ಇದರ ಹಿಂದೆ ನಿಜವಾದ ವಿಜ್ಞಾನವಿದೆ. ಪೂರ್ತಿ ತುಂಬಿದ ಕೋಶದ ವಿಭವಾಂತರ ಹೆಚ್ಚು. ಅಲ್ಲಿ ಬೇಡದ ರಾಸಾಯನಿಕ ಕ್ರಿಯೆಗಳೂ ಹೆಚ್ಚು. ತುಂಬಿದ ಸ್ಥಿತಿಯಲ್ಲಿ ಬಹಳ ಕಾಲ ಇಡದಿದ್ದರೆ ಕೋಶ ಹೆಚ್ಚು ಬಾಳುತ್ತದೆ. ಇಷ್ಟು ಸರಿ. ಆದರೆ ಲೆಕ್ಕ ಹಾಕಿ ನೋಡಿ.

ಪೂರ್ತಿ ಚಾರ್ಜಿನಲ್ಲಿ 18 ಗಂಟೆ ನಡೆಯುವ ವಾಚನ್ನು ತೆಗೆದುಕೊಳ್ಳಿ. ನಿಯಮ ಪಾಲಿಸಿದರೆ ಶೇಕಡಾ 60 ಮಾತ್ರ ಬಳಕೆಗೆ ಸಿಗುತ್ತದೆ. ಅಂದರೆ 10 ಗಂಟೆ 48 ನಿಮಿಷ. ಅದೇ ವಾಚನ್ನು ನಿಯಮವಿಲ್ಲದೆ ಬಳಸಿ, ಕೆಲವು ವರ್ಷಗಳ ಬಳಿಕ ಅದರ ಸಂಗ್ರಹ ಸಾಮರ್ಥ್ಯ ಶೇಕಡಾ 80ಕ್ಕೆ ಇಳಿಯಿತೆನ್ನಿ. ಆಗಲೂ ಅದು 14 ಗಂಟೆ 24 ನಿಮಿಷ ನಡೆಯುತ್ತದೆ. ಮುಂದೆಂದೋ ಬರುವ ಶೇಕಡಾ 80ಕ್ಕೆ ಹೆದರಿ ನಮ್ಮ ವಿದ್ಯಾರ್ಥಿನಿ ಮೊದಲ ದಿನದಿಂದಲೇ ಶೇಕಡಾ 60ರಲ್ಲಿ ಬದುಕುತ್ತಿದ್ದಳು!

ಎರಡು ಸಲ ಬಿಡಿಬಿಡಿಯಾಗಿ ಚಾರ್ಜ್ ಮಾಡುವುದರಿಂದ ಆವರ್ತಗಳ ಸಂಖ್ಯೆಯೂ ಕಡಿಮೆಯಾಗುವುದಿಲ್ಲ. ಇಂದು ಶೇಕಡಾ 60, ನಾಳೆ 40 ಬಳಸಿದರೆ ಒಟ್ಟು ಒಂದು ಪೂರ್ಣ ಆವರ್ತ. ತನ್ನ ವಾಚಿನ ಬ್ಯಾಟರಿ 1000 ಪೂರ್ಣ ಆವರ್ತಗಳ ಬಳಿಕವೂ ಶೇಕಡಾ 80ರವರೆಗೆ ಸಾಮರ್ಥ್ಯ ಉಳಿಸಿಕೊಳ್ಳುವಂತೆ ವಿನ್ಯಾಸಗೊಂಡಿದೆ ಎಂದು ಆಪಲ್ ಕಂಪನಿ ಹೇಳುತ್ತದೆ. ದಿನಕ್ಕೆ ಶೇಕಡಾ 70 ಬಳಸುವವರಿಗೆ 1000 ಆವರ್ತ ಮುಗಿಯಲು ಸುಮಾರು 1430 ದಿನ, ಅಂದರೆ ನಾಲ್ಕು ವರ್ಷಕ್ಕೆ ತುಸು ಕಡಿಮೆ ಬೇಕು.

ಹಾಗೆಂದು ನಿಯಮವನ್ನು ತಳ್ಳಿಹಾಕಬೇಕಿಲ್ಲ. ಹತ್ತು ದಿನ ನಡೆಯುವ ವಾಚು ನಿಮ್ಮಲ್ಲಿದ್ದರೆ ಎಂಬತ್ತಕ್ಕೆ ನಿಲ್ಲಿಸಿ. ಕಳೆದುಕೊಳ್ಳುವುದು ಏನೂ ಇಲ್ಲ. ಒಂದೇ ದಿನ ನಡೆಯುವ ವಾಚಾದರೆ ಅಗತ್ಯವಿದ್ದಷ್ಟು ತುಂಬಿ. ಹೃದಯ ಬಡಿತ ಗಮನಿಸಲೆಂದು ಅಥವಾ ಬಿದ್ದರೆ ಮನೆಯವರಿಗೆ ತಿಳಿಯಲೆಂದು ಹಿರಿಯರ ಕೈಗೆ ಕಟ್ಟಿದ ವಾಚು ಸಂಜೆಗೇ ಸ್ತಬ್ಧವಾದರೆ, ಉಳಿಸಿದ ಬ್ಯಾಟರಿಯಿಂದ ಏನು ಪ್ರಯೋಜನ?

ರಾತ್ರಿಯಿಡೀ ಚಾರ್ಜಿಗಿಡಬಾರದೆಂಬ ಸಲಹೆಯೂ ಅರ್ಧ ಸರಿ. ತುಂಬಿದ ಮೇಲೆ ಮಂಡಲವು ಪ್ರವಾಹವನ್ನು ತಾನೇ ನಿಲ್ಲಿಸುತ್ತದೆ. ಕೋಶ ತುಂಬಿ ತುಳುಕುವುದಿಲ್ಲ. ಆದರೆ ಗಂಟೆಗಟ್ಟಲೆ ತುಂಬಿದ ಸ್ಥಿತಿಯಲ್ಲೇ ಇರುತ್ತದೆ. ಇದನ್ನು ತಪ್ಪಿಸಲು ಎಂಬತ್ತರಲ್ಲಿ ತಡೆದು, ನೀವು ಏಳುವ ಹೊತ್ತಿಗೆ ಪೂರ್ತಿ ತುಂಬುವ ತಂತ್ರಾಂಶ ಹಲವು ಸಾಧನಗಳಲ್ಲಿ ಇದೆ. ಆಪಲ್ ವಾಚಿಗೆ ಇದು 2020ರಲ್ಲಿ ಬಂದಿತು. ಅದನ್ನು ಬಳಸಿದರೆ ಸಾಕು, ನಿದ್ದೆಗೆಡಬೇಕಿಲ್ಲ.

ಸಲಹೆಗಳು ಬಿಟ್ಟುಬಿಡುವ ಸಂಗತಿ

ಈ ನಾಲ್ಕು ಸಲಹೆಗಳಲ್ಲಿ ತಾಪದ ಮಾತೇ ಇಲ್ಲ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ದರ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂದು ನಾವು ಪಾಠ ಹೇಳುತ್ತೇವೆ. ಕೋಶದ ಮುಪ್ಪೂ ರಾಸಾಯನಿಕ ಕ್ರಿಯೆಯೇ. ವಾಚನ್ನು ಬಳಸುವ ಸುತ್ತಲಿನ ತಾಪ 35 ಡಿಗ್ರಿ ಮೀರಬಾರದೆಂದು ಆಪಲ್ ಹೇಳುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸತಲ್ಲ. ತಂತಿಯಿಲ್ಲದ ಚಾರ್ಜಿನಲ್ಲಿ ಸುರುಳಿಗಳಿಂದ ಹೊಮ್ಮುವ ಉಷ್ಣವೂ ಸೇರಿಕೊಳ್ಳುತ್ತದೆ. ಬಿಸಿಲು ಬೀಳುವ ಕಿಟಕಿ, ನಿಂತ ಕಾರು, ದಿಂಬಿನಡಿ: ಈ ಮೂರು ಕಡೆ ಚಾರ್ಜ್ ಮಾಡದಿರುವುದು 20-80ರ ಶಿಸ್ತಿಗಿಂತ ಮೊದಲು ಕಲಿಯಬೇಕಾದ ಅಭ್ಯಾಸ. ವಾಚಿನ ಪರದೆ ಮೇಲೆದ್ದು ಕೋಶ ಉಬ್ಬಿದಂತೆ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ.

ಇನ್ನೊಂದು ಸಂಗತಿ ವಿನ್ಯಾಸದ್ದು. 300 ಮಿಲಿಆಂಪಿಯರ್-ಗಂಟೆ, 3.85 ವೋಲ್ಟಿನ ಕೋಶದಲ್ಲಿರುವ ಶಕ್ತಿ ಸುಮಾರು 1.16 ವಾಟ್-ಗಂಟೆ, ಅಂದರೆ 4160 ಜೂಲ್. ಐವತ್ತು ಕಿಲೋ ಅಕ್ಕಿಮೂಟೆಯನ್ನು ಎಂಟೂವರೆ ಮೀಟರ್ ಮೇಲೆತ್ತಲು ಇಷ್ಟು ಸಾಕು! ಆದರೂ ವರ್ಷವಿಡೀ ದಿನಾ ತುಂಬಿದರೆ ಕೋಶಕ್ಕೆ ಸೇರುವುದು ಅರ್ಧ ಯುನಿಟ್ಟಿಗಿಂತ ಕಡಿಮೆ ವಿದ್ಯುತ್ತು. ಇಲ್ಲಿ ಉಳಿಯಬೇಕಾದ್ದು ವಿದ್ಯುತ್ತಲ್ಲ, ವಾಚು. ಸಣ್ಣ ಕೋಶವೊಂದು ಸವೆದರೆ ಇಡೀ ವಾಚನ್ನೇ ಎಸೆಯುವಂತೆ ಅಂಟು ಹಾಕಿ ಮುಚ್ಚಿರುವಾಗ, ಹೊಣೆಯನ್ನೆಲ್ಲ ಬಳಸುವವರ ಅಭ್ಯಾಸದ ಮೇಲೆ ಹೊರಿಸುವುದು ನ್ಯಾಯವಲ್ಲ. ಒಯ್ಯಬಹುದಾದ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಕೆಲವು ವಿನಾಯಿತಿಗಳೊಂದಿಗೆ 2027ರ ಫೆಬ್ರವರಿ 18 ಇದರ ಜಾರಿಗೆ ಗೊತ್ತುಪಡಿಸಿದ ದಿನ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ವಾಚು ಕೊಳ್ಳುವಾಗ "ಬ್ಯಾಟರಿ ಬದಲಿಸಿ ಕೊಡುತ್ತೀರಾ? ಎಷ್ಟು ಖರ್ಚು?" ಎಂದು ಕೇಳಿ. ವಾಚಿನ ಆಯುಷ್ಯದ ಬಗ್ಗೆ ಆ ಉತ್ತರ ಬಹಳಷ್ಟು ಹೇಳುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಒಂದು ಸರಳ ಪ್ರಯೋಗ ಮಾಡಿಸಬಹುದು. ವಾಚು ಅಥವಾ ಹಳೆಯ ಫೋನೊಂದನ್ನು ಚಾರ್ಜಿಗಿಟ್ಟು ಐದೈದು ನಿಮಿಷಕ್ಕೆ ಶೇಕಡಾ ಸಂಖ್ಯೆಯನ್ನು ಬರೆದುಕೊಳ್ಳಲಿ. ನಕ್ಷೆ ಎಳೆದರೆ ಮೊದಲು ಹೆಚ್ಚುಕಡಿಮೆ ಸರಳರೇಖೆ, ಕೊನೆಯ ಭಾಗದಲ್ಲಿ ಬಾಗು ಕಾಣುತ್ತದೆ. ಮೊದಲ ಹಂತದಲ್ಲಿ ಪ್ರವಾಹ ಸ್ಥಿರ. ಆಮೇಲೆ ವೋಲ್ಟೇಜು ಸ್ಥಿರವಾಗಿದ್ದು ಪ್ರವಾಹ ಕುಗ್ಗುತ್ತ ಹೋಗುತ್ತದೆ. ಬಾಗು ಎಲ್ಲಿ ಆರಂಭವಾಯಿತು, ಏಕೆ ಎಂದು ಅವರೇ ಚರ್ಚಿಸಲಿ.

ನಮ್ಮ ವಿದ್ಯಾರ್ಥಿನಿಯಿಂದಲೂ ಈ ನಕ್ಷೆ ಎಳೆಸಿದೆ. ಈಗ ಅವಳು ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ವಾಚನ್ನು ಚಾರ್ಜಿಗಿಡುತ್ತಾಳೆ, ಹೊರಡುವಾಗ ಎಷ್ಟಿದ್ದರೆ ಅಷ್ಟಕ್ಕೆ ಕಟ್ಟಿಕೊಳ್ಳುತ್ತಾಳೆ. ಆರೋಗ್ಯದ ಸಂಖ್ಯೆಯನ್ನು ತಿಂಗಳಿಗೊಮ್ಮೆ ದಿನಾಂಕದೊಂದಿಗೆ ಬರೆದಿಡುತ್ತಿದ್ದಾಳೆ. ಪಕ್ಕದಲ್ಲಿ ದೋಷದ ವ್ಯಾಪ್ತಿಗೆಂದು ಒಂದು ಕಂಬಸಾಲನ್ನೂ ಬಿಟ್ಟಿದ್ದಾಳೆ.