ಭಾರವಿಲ್ಲದ ರಟ್ಟಿನ ಲೋಕ

‘ಯೋಶೀಸ್ ಕ್ರಾಫ್ಟೆಡ್ ವರ್ಲ್ಡ್’ ವಿಡಿಯೊ ಗೇಮಿನಲ್ಲಿ ಒಂದು ಹಂತ ಮುಗಿಸಿದರೆ, ಅದನ್ನೇ ಹಿಂಬದಿಯಿಂದ ಆಡುವ ಅವಕಾಶ ಸಿಗುತ್ತದೆ. ಎದುರಿನಿಂದ ಗುಡ್ಡ, ಮರ, ರೈಲು ಎಂದು ಕಂಡದ್ದೆಲ್ಲ ಹಿಂದಿನಿಂದ ಹಾಲಿನ ಡಬ್ಬಿ, ಕಾಗದದ ಲೋಟ, ಟೇಪು ಸುತ್ತಿದ ರಟ್ಟು. ಬಚ್ಚಿಟ್ಟುಕೊಂಡ ನಾಯಿಮರಿಗಳನ್ನು ಹುಡುಕುತ್ತ ಆ ಬೆನ್ನಿನಲ್ಲಿ ಓಡುವಾಗ, ಯಾವುದೋ ಮಗು ಜಗಲಿಯಲ್ಲಿ ಕೂತು ಕತ್ತರಿಸಿ ಅಂಟಿಸಿದ್ದನ್ನು ಹತ್ತಿರದಿಂದ ಕಂಡ ಖುಷಿ. ಇಡೀ ಆಟದಲ್ಲಿ ನನಗೆ ತೀರಾ ಇಷ್ಟವಾದದ್ದು ಇದೇ.

ಜಪಾನಿನ ಗುಡ್-ಫೀಲ್ ಸಂಸ್ಥೆ ರೂಪಿಸಿದ ಈ ಆಟ 2019ರ ಮಾರ್ಚ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು. ಯೋಶಿ ಎಂಬ ಮುದ್ದು ಡೈನೊಸಾರ್ ವೈರಿಗಳನ್ನು ನಾಲಿಗೆಯಿಂದ ಸೆಳೆದು ನುಂಗಿ, ಮೊಟ್ಟೆ ಮಾಡಿ, ಆ ಮೊಟ್ಟೆಯನ್ನೇ ಎಸೆಯುತ್ತದೆ. ಅಕ್ಕಪಕ್ಕಕ್ಕೆ ಮಾತ್ರವಲ್ಲ, ಹಿನ್ನೆಲೆಯ ದೂರದ ವಸ್ತುಗಳಿಗೂ ಗುರಿಯಿಡಬಹುದು. ಸುಲಭದ ಬಗೆಯನ್ನು ಆರಿಸಿಕೊಂಡರೆ ಯೋಶಿಗೆ ರೆಕ್ಕೆ ಬರುತ್ತದೆ, ಬಿದ್ದೇಬಿಡುವ ಭಯವಿಲ್ಲ. ಅರಸೀಕೆರೆಯ ಮನೆಯಲ್ಲಿ ನನ್ನ ತಂಗಿಯ ಪುಟ್ಟ ಮಗಳು ಕಷ್ಟದ ಜಾಗ ಬಂದಾಗಲೆಲ್ಲ “ಮಾಮ, ನಿನ್ನ ಬೆನ್ನ ಮೇಲೆ ಕೂತ್ಕೋತೀನಿ” ಅನ್ನುತ್ತಾಳೆ. ಇಬ್ಬರು ಆಡುವಾಗ ಒಂದು ಯೋಶಿ ಇನ್ನೊಂದರ ಬೆನ್ನೇರಬಹುದು. ಮಗುವನ್ನು ಹೊತ್ತು ಸಾಗುವ ಅವಕಾಶ ಕೊಡುವ ಆಟಗಳು ಎಷ್ಟಿವೆ? ಸೋಲಿನಿಂದ ಅಳಿಸದ ಈ ಕರುಣೆಯನ್ನು ‘ತೀರಾ ಸುಲಭ’ ಎಂದು ಹಳಿಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ತಕರಾರು ಬೇರೆ. ಅರಸೀಕೆರೆಯವನಾದ ನನಗೆ ಅಲಂಕಾರವನ್ನು ನೋಡುವ ಕಣ್ಣು ಕೊಟ್ಟದ್ದು ಹೊಯ್ಸಳರ ಗುಡಿಗಳು. 1117ರ ಬೇಲೂರು ಚೆನ್ನಕೇಶವ ದೇಗುಲದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಮದನಿಕೆಯರ ಬಳೆ, ಹಾರಗಳ ಸಂದಿಯಲ್ಲಿ ಉಳಿ ಅಷ್ಟು ಆಳಕ್ಕೆ ಇಳಿದದ್ದು ಆ ಕಲ್ಲಿನ ಗುಣದಿಂದ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ತಳದ ಪಟ್ಟಿಕೆಯ ತುಂಬ ಆನೆಗಳು, ಗೋಡೆಯ ಭಾರವನ್ನೆಲ್ಲ ಹೊತ್ತ ಹಾಗೆ. ನಮ್ಮೂರ ಈಶ್ವರ ದೇವಾಲಯದಲ್ಲಂತೂ 16 ಮೂಲೆಗಳ ನಕ್ಷತ್ರದಾಕಾರದ ತೆರೆದ ಮಂಟಪವಿದೆ. ಅಲ್ಲಿ ಅಂದವೆಂದರೆ ಕಟ್ಟಡದ ಆಕಾರವೇ. ಹೊಯ್ಸಳರ ಕೆತ್ತನೆ ಅತಿಯಾಯಿತು ಅನ್ನುವವರಿದ್ದಾರೆ. ಇರಬಹುದು, ಆದರೆ ಆ ಅತಿಯೂ ಕಲ್ಲಿನೊಳಗಿಂದಲೇ ಹುಟ್ಟಿದ್ದು.

ಯೋಶಿಯ ಲೋಕದಲ್ಲಿ ರಟ್ಟು ಬಹುಪಾಲು ಕಡೆ ಕಣ್ಣಿಗಷ್ಟೇ ರಟ್ಟು. ಅದರ ಮೇಲೆ ನೆಗೆದರೆ ಬಾಗುವುದಿಲ್ಲ, ಹರಿಯುವುದಿಲ್ಲ, ಒದ್ದೆಯಾಗುವುದಿಲ್ಲ. ಅದೇ ಜಾಗದಲ್ಲಿ ಮರವನ್ನೋ ಇಟ್ಟಿಗೆಯನ್ನೋ ಇಟ್ಟಿದ್ದರೂ ಕೈಯ ಆಟ ಹೆಚ್ಚು ಬದಲಾಗುತ್ತಿರಲಿಲ್ಲ. ಇದೇ ಸಂಸ್ಥೆ 2010ರಲ್ಲಿ ಮಾಡಿದ ‘ಕಿರ್ಬೀಸ್ ಎಪಿಕ್ ಯಾರ್ನ್’ ನೋಡಿ. ಅದರಲ್ಲಿ ನೂಲನ್ನು ಎಳೆದರೆ ಬಟ್ಟೆ ನೆರಿಗೆಗಟ್ಟಿ ದೂರದ ದಡ ಹತ್ತಿರ ಬರುತ್ತದೆ, ಜಿಪ್ ಎಳೆದರೆ ಮುಚ್ಚಿದ್ದು ತೆರೆಯುತ್ತದೆ. ಅದರಲ್ಲೂ ಸಾವಿಲ್ಲ, ಅದೂ ಸುಲಭವೇ; ಆದರೂ ನೂಲಿನ ಸ್ವಭಾವ ಆಡುವವರ ಬೆರಳಿಗೆ ತಾಗುತ್ತದೆ. 9 ವರ್ಷಗಳ ನಂತರ ಅದೇ ಸಂಸ್ಥೆ ನೋಟದಲ್ಲಿ ಬೆಳೆದು ಈ ಗುಣವನ್ನು ಬಿಟ್ಟುಕೊಟ್ಟದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸಣ್ಣ ಕೊರತೆಗಳೂ ಇವೆ. ಒಂದೇ ರಾಗ ಹಂತದಿಂದ ಹಂತಕ್ಕೆ ಹಿಂಬಾಲಿಸುತ್ತದೆ. ಆಡಿದ ಹಂತಕ್ಕೇ ಮರಳಿ ಅಡಗಿಸಿಟ್ಟ ಗೊಂಬೆ ಹುಡುಕಿ ತರುವ ಕೆಲಸ ದೊಡ್ಡವರಿಗೆ ಬೇಗ ಬೇಸರ ತರಿಸುತ್ತದೆ. ಮಕ್ಕಳಿಗೆ ಅದು ಹಬ್ಬ.

ಮಕ್ಕಳಿರುವ ಮನೆಗೆ ಇದು ಒಳ್ಳೆಯ ಆಟ. ಅವರ ಪಕ್ಕದಲ್ಲಿ ಕೂತು, ಹಿಂಬದಿಯ ಹಂತಗಳನ್ನು ಬಿಡದೆ ಆಡಿ. ಒಬ್ಬರೇ ಆಡುವವರು ಮೊದಲು ಕಿರ್ಬಿಯ ನೂಲಿನ ಆಟವನ್ನು ಹುಡುಕಿಕೊಳ್ಳುವುದು ಮೇಲು.