ಮತಪರೀಕ್ಷಾವಾದದಲ್ಲಿ ಪೂರ್ವಪಕ್ಷದ ಸ್ಥಾನ

ವಾದಗ್ರಂಥವೊಂದರ ಯೋಗ್ಯತೆಯನ್ನು ಅದರ ಸಿದ್ಧಾಂತದಿಂದ ಅಳೆಯುವುದು ಲೋಕರೂಢಿ. ಪೂರ್ವಪಕ್ಷದಿಂದ ಅಳೆಯುವುದು ಶಾಸ್ತ್ರರೀತಿ. ಪ್ರತಿವಾದಿಯು ತಾನೇ ಹೇಳಬಹುದಾದುದಕ್ಕಿಂತಲೂ ಬಲವಾಗಿ ಅವನ ಆಕ್ಷೇಪವನ್ನು ನಿರೂಪಿಸಿ, ಅನಂತರವೇ ಸಮಾಧಾನಕ್ಕೆ ತೊಡಗಬೇಕೆಂಬುದು ಭಾಷ್ಯಕಾರರ ಪದ್ಧತಿ. ಕ್ರೈಸ್ತಮತದ ಮೇಲೆ ಸಾಮಾನ್ಯವಾಗಿ ಹೊರಡುವ ಆಕ್ಷೇಪಗಳನ್ನೂ ಅವುಗಳ ಪರಿಹಾರಗಳನ್ನೂ ಕುರಿತು 19ನೆಯ ಶತಮಾನದ ಮಧ್ಯಭಾಗದಲ್ಲಿ ಸಂಸ್ಕೃತಭಾಷೆಯಲ್ಲಿಯೇ ನಡೆದ ವಾದವೊಂದು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾದುದು. ಇದನ್ನು ಇತಿಹಾಸಕಾರರು ಗಮನಿಸಿದ್ದಾರೆ. 1981ರಲ್ಲಿ ರಿಚರ್ಡ್ ಫಾಕ್ಸ್ ಯಂಗ್ ಎಂಬ ವಿದ್ವಾಂಸರು ಇದನ್ನೇ ವಿಷಯವಾಗಿಟ್ಟುಕೊಂಡು ಗ್ರಂಥವನ್ನು ಪ್ರಕಟಿಸಿದರು. ಆದರೆ ವಾದಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಿದರೆ ಈ ಗ್ರಂಥಗಳ ಬೆಲೆ ಏನೆಂಬುದು ಬೇರೆಯೇ ಪ್ರಶ್ನೆ.

ಮೂಲಗ್ರಂಥವಾದ ‘ಮತಪರೀಕ್ಷಾ’ ಎಂಬುದು 1839ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಯಿತು. ಅದರ ಕರ್ತರು ಜಾನ್ ಮ್ಯೂರ್ (1810–1882). ಕಂಪನಿಯ ಬಂಗಾಳದ ಆಡಳಿತಸೇವೆಯಲ್ಲಿದ್ದ ಸ್ಕಾಟ್ಲೆಂಡಿನವರು, 1844ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿನ ಅಧ್ಯಕ್ಷರಾದವರು. ಗ್ರಂಥವು ಗುರುಶಿಷ್ಯಸಂವಾದರೂಪವಾದ ಶ್ಲೋಕಗಳಲ್ಲಿದೆ. ಸತ್ಯವಾದ ಮತಕ್ಕೆ ಮೂರು ಲಕ್ಷಣಗಳು ಅದರಲ್ಲಿ ಹೇಳಲ್ಪಟ್ಟಿವೆ: ಮತಸ್ಥಾಪಕನಲ್ಲಿ ಅದ್ಭುತಕಾರ್ಯಗಳ ಸಾಮರ್ಥ್ಯ, ಶಾಸ್ತ್ರದ ಪಾವಿತ್ರ್ಯ, ಮತ್ತು ಅದು ಸರ್ವಜನರಿಗೂ ಸಲ್ಲತಕ್ಕದ್ದಾಗಿರುವುದು. ಈ ಮೂರೂ ಕ್ರೈಸ್ತಶಾಸ್ತ್ರದಲ್ಲಿ ಮಾತ್ರ ಇವೆಯೆಂಬುದು ಗುರುವಿನ ಸಿದ್ಧಾಂತ.

ಪರಮತವನ್ನು ಕುರಿತು ಆ ಮತದವರ ಶಾಸ್ತ್ರಭಾಷೆಯಲ್ಲಿಯೇ ಮಾತನಾಡಲು ಹೊರಟ ಮ್ಯೂರರ ಶ್ರಮವು ಗೌರವಾರ್ಹವೇ ಸರಿ. ಆದರೆ ಗ್ರಂಥದ ದೌರ್ಬಲ್ಯವೂ ಅದರ ರೂಪದಲ್ಲಿಯೇ ಇದೆ. ಗುರುವಿನ ಬಳಿ ಉತ್ತರವಿರುವ ಪ್ರಶ್ನೆಯನ್ನು ಮಾತ್ರ ಕೇಳುವ ಶಿಷ್ಯನು ಪೂರ್ವಪಕ್ಷಿಯ ಸ್ಥಾನವನ್ನು ತುಂಬಲಾರನು. ಅದ್ಭುತಕಾರ್ಯಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವು ನಡೆದುವೆಂಬುದಕ್ಕೆ ಶಾಸ್ತ್ರವೇ ಪ್ರಮಾಣ, ಶಾಸ್ತ್ರವು ಪ್ರಮಾಣವೆಂಬುದಕ್ಕೆ ಅದ್ಭುತಗಳೇ ಹೇತು ಎಂದರೆ ಅನ್ಯೋನ್ಯಾಶ್ರಯದೋಷವು ತಪ್ಪದು. ನ್ಯಾಯಶಾಸ್ತ್ರದ ಮೊದಲ ತರಗತಿಯ ವಿದ್ಯಾರ್ಥಿಯೂ ಇದನ್ನು ಹೇಳಿಯಾನು. ಕ್ರೈಸ್ತಪಕ್ಷದಲ್ಲಿ ಇದಕ್ಕೆ ಉತ್ತರವಿಲ್ಲದೆ ಇಲ್ಲ. ಕಂಡವರು ಹೇಳಿದರು, ಹೇಳಿದುದಕ್ಕಾಗಿ ಹಿಂಸೆಯನ್ನು ಸಹಿಸಿದರು, ಆದುದರಿಂದ ಶಾಸ್ತ್ರದ ಪಾವಿತ್ರ್ಯವನ್ನು ಅಪೇಕ್ಷಿಸದೆಯೇ ಅವರ ಆಪ್ತತ್ವವು ಸಿದ್ಧಿಸುತ್ತದೆಯೆಂದು 1794ರಲ್ಲಿಯೇ ವಿಲಿಯಂ ಪೇಲಿಯವರು ಸಾಧಿಸಲು ಯತ್ನಿಸಿದ್ದರು. ಆದರೂ ಪುರಾಣೋಕ್ತವಾದ ಅದ್ಭುತಗಳನ್ನು ತಳ್ಳಿ ಇವನ್ನು ಮಾತ್ರ ಗ್ರಹಿಸಲು ವಿಶೇಷಹೇತುವನ್ನು ತೋರಿಸಬೇಕಾಗುತ್ತದೆ. ಆ ಹೊರೆಯನ್ನು ಹೊರಿಸಬಲ್ಲ ಪ್ರತಿವಾದಿಯು ಸಂವಾದದೊಳಗೆ ಇಲ್ಲ; ಅವನು ಹೊರಗಿನಿಂದ ಬರಬೇಕಾಯಿತು.

ಹಾಗೆ ಬಂದವರು ಮೂವರು. ಮೊದಲನೆಯವರು ಸೋಮನಾಥನೆಂಬ ಹೆಸರಿನಲ್ಲಿ 1839ರಲ್ಲಿಯೇ ‘ಮತಪರೀಕ್ಷಾಶಿಕ್ಷಾ’ ಎಂಬುದನ್ನು ಬರೆದ ಸುಬಾಜಿ ಬಾಪು. ಇವರ ಧಾಟಿಯು ಸೌಮ್ಯವಾದುದು: ಈಶ್ವರನು ಅಧಿಕಾರಿಭೇದಕ್ಕೆ ಅನುಸಾರವಾಗಿ ಮತಭೇದವನ್ನು ಕಲ್ಪಿಸಿದ್ದಾನೆ, ಅವರವರ ಧರ್ಮವು ಅವರವರಿಗೆ ಶ್ರೇಯಸ್ಕರ. ಕೇಳುವುದಕ್ಕೆ ಇದು ಹಿತವಾದ ಮಾತು. ಆದರೆ ವಾದದಲ್ಲಿ ಇದು ಎದುರಾಳಿಯನ್ನು ಮುಟ್ಟುವುದಿಲ್ಲ. ತನ್ನ ಶಾಸ್ತ್ರವು ಸರ್ವರಿಗೂ ವಿಹಿತವೆನ್ನುವವನಿಗೆ ‘ನಿನ್ನದು ನಿನಗೆ ಸರಿ’ ಎಂದರೆ, ಒಪ್ಪಿದಂತೆ ತೋರಿಸಿ ಅವನ ಮೂಲಪ್ರತಿಜ್ಞೆಯನ್ನೇ ಹೇತುವಿಲ್ಲದೆ ನಿರಾಕರಿಸಿದಂತಾಗುತ್ತದೆ. ಎರಡನೆಯವರಾದ ಬಂಗಾಳದ ಹರಚಂದ್ರ ತರ್ಕಪಂಚಾನನರ ‘ಮತಪರೀಕ್ಷೋತ್ತರ’ವು (1840) ಕಟುವಾದುದು. ತತ್ತ್ವಬುಭುತ್ಸೆಗಿಂತ ವಿಜಿಗೀಷೆಯೇ ಅಲ್ಲಿ ಮುಂದಾಗಿರುವುದರಿಂದ ಅದು ವಾದವೆನಿಸದೆ ಜಲ್ಪವೆನಿಸುತ್ತದೆ.

ಮೂರನೆಯವರು ನೀಲಕಂಠ ಗೋರೆ (1825–1895). ಕಾಶಿಯಲ್ಲಿ ಬೆಳೆದ ಈ ಮಹಾರಾಷ್ಟ್ರಬ್ರಾಹ್ಮಣರು ‘ಶಾಸ್ತ್ರತತ್ತ್ವವಿನಿರ್ಣಯ’ವನ್ನು ಕೈಗೊಂಡ 1844ರಲ್ಲಿ ಇಪ್ಪತ್ತು ವರ್ಷಗಳನ್ನೂ ಮುಟ್ಟಿರಲಿಲ್ಲ. ಈ ಗ್ರಂಥದಲ್ಲಿಯೇ ಆಕ್ಷೇಪಗಳು ಮರ್ಮವನ್ನು ಸೇರಿದುವು. ಪೂರ್ವಜನ್ಮವನ್ನು ಒಪ್ಪದಿದ್ದರೆ ಒಬ್ಬನು ಸುಖಿಯಾಗಿಯೂ ಒಬ್ಬನು ಹುಟ್ಟುಕುರುಡನಾಗಿಯೂ ಜನಿಸುವುದಕ್ಕೆ ಕಾರಣವೇನು? ಕೆಲವರು ಪಾಪಿಗಳಾಗಿ ನರಕಕ್ಕೆ ಬೀಳುವರೆಂದು ತಿಳಿದೂ ಸರ್ವಜ್ಞನು ಅವರನ್ನು ಏತಕ್ಕೆ ಸೃಷ್ಟಿಸಬೇಕು? ಅಲ್ಪಕಾಲದ ಪಾಪಕ್ಕೆ ಅನಂತಕಾಲದ ದಂಡನೆಯು ನ್ಯಾಯವೆ? ಇವು ಹೊಸ ಪ್ರಶ್ನೆಗಳಲ್ಲ. ಈಶ್ವರನಲ್ಲಿ ವೈಷಮ್ಯ ಮತ್ತು ನೈರ್ಘೃಣ್ಯ ಎಂಬ ದೋಷಗಳು ಬರುವುವೆಂಬ ಶಂಕೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಪ್ರಥಮಪಾದದಲ್ಲಿ ಎತ್ತಿ, ಕರ್ಮಾಪೇಕ್ಷೆಯಿಂದಲೂ ಸಂಸಾರದ ಅನಾದಿತ್ವದಿಂದಲೂ ಪರಿಹರಿಸಲಾಗಿದೆ. ಆ ಪರಿಹಾರವಿಲ್ಲದ ಮತದ ಮುಂದೆ ಆ ಶಂಕೆಯನ್ನೇ ನೀಲಕಂಠರು ಇಟ್ಟರು.

ಇದಕ್ಕೆ ಕ್ರೈಸ್ತಸಮಾಧಾನವನ್ನು ಬಲವಾಗಿಯೇ ಹೇಳಬೇಕು. ದುಃಖವೆಲ್ಲವೂ ದಂಡನೆಯೆಂಬ ವ್ಯಾಪ್ತಿಯನ್ನೇ ಅವರು ಒಪ್ಪುವುದಿಲ್ಲ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ಕಂಡು, ಇದು ಇವನ ಪಾಪವೋ ತಾಯಿತಂದೆಗಳ ಪಾಪವೋ ಎಂದು ಕೇಳುತ್ತಾರೆ. ಯೇಸುವು ಎರಡನ್ನೂ ನಿಷೇಧಿಸಿ ದೇವರ ಕಾರ್ಯವು ಅವನಲ್ಲಿ ಪ್ರಕಟವಾಗಬೇಕಾಗಿದೆಯೆನ್ನುತ್ತಾನೆ. ಹೇತುವನ್ನು ಕೇಳಿದವರಿಗೆ ಪ್ರಯೋಜನವನ್ನು ಹೇಳಿದಂತಾಯಿತು. ಇದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಲ್ಲ, ಪ್ರಶ್ನೆಯ ದಿಕ್ಕನ್ನೇ ತಿರುಗಿಸುವುದು. ಇಷ್ಟರಮೇಲೆ ಅವರು ಪ್ರತ್ಯಾಕ್ಷೇಪವನ್ನೂ ಮಾಡಬಹುದು: ಮರೆತುಹೋದ ಕರ್ಮಕ್ಕೆ ಶಿಕ್ಷೆಯನ್ನು ಅನುಭವಿಸುವವನಿಗೆ ಅದರಿಂದ ಯಾವ ತಿದ್ದುಪಾಟು? ಕರ್ಮಪ್ರವಾಹವು ಅನಾದಿಯೆಂದರೆ ಕಾರಣವನ್ನು ಹೇಳಿದಂತಾಯಿತೋ, ಪ್ರಶ್ನೆಯನ್ನು ಹಿಂದುಹಿಂದಕ್ಕೆ ನೂಕಿದಂತಾಯಿತೋ? ಬೀಜಾಂಕುರನ್ಯಾಯದಿಂದ ಅನವಸ್ಥೆಯು ದೋಷವಲ್ಲವೆನ್ನಬಹುದು. ಆದರೆ ಅದನ್ನು ಪ್ರತಿವಾದಿಯೂ ಒಪ್ಪಿರಬೇಕು. ಒಂದು ಪಕ್ಷವು ಅನಾದಿತ್ವದಲ್ಲಿಯೂ ಇನ್ನೊಂದು ಪಕ್ಷವು ಈಶ್ವರೇಚ್ಛೆಯಲ್ಲಿಯೂ ತರ್ಕವನ್ನು ನಿಲ್ಲಿಸುತ್ತವೆ, ನಿಲ್ಲಿಸದ ಪಕ್ಷವಿಲ್ಲ.

ನಿತ್ಯನರಕದ ಆಕ್ಷೇಪದಲ್ಲಿ ಕನ್ನಡನಾಡಿನ ಓದುಗರು ವಿಶೇಷವಾಗಿ ಲಕ್ಷಿಸಬೇಕಾದ ಅಂಶವೊಂದುಂಟು. ಉಡುಪಿಯ ಶ್ರೀಮಧ್ವಾಚಾರ್ಯರ ಸಿದ್ಧಾಂತದಲ್ಲಿ ತಮೋಯೋಗ್ಯರಾದ ಜೀವರಿಗೆ ಎಂದಿಗೂ ಮುಗಿಯದ ಅಂಧತಮಸ್ಸು ಅಂಗೀಕೃತವಾಗಿದೆ. ಆದುದರಿಂದ ಈ ಆಕ್ಷೇಪವು ಸಮಸ್ತ ವೈದಿಕದರ್ಶನಗಳ ಪರವಾದ ಆಕ್ಷೇಪವಾಗಲಾರದು. ಭೇದವಿರುವುದು ಹೇತುವಿನಲ್ಲಿ: ದ್ವೈತಿಗಳಿಗೆ ಜೀವನ ಅನಾದಿಸ್ವರೂಪಯೋಗ್ಯತೆಯೇ ಅದಕ್ಕೆ ಕಾರಣ, ಕ್ರೈಸ್ತರಿಗಾದರೋ ಈಶ್ವರನು ಸೃಷ್ಟಿಸಿದ ಜೀವನು ಸ್ವತಂತ್ರನಾಗಿ ಮಾಡಿದ ನಿರಾಕರಣೆ. ಮೊದಲನೆಯದರಲ್ಲಿ ಈಶ್ವರನು ಜೀವನ ಸ್ವರೂಪವನ್ನು ಹುಟ್ಟಿಸಿದವನಲ್ಲವಾದುದರಿಂದ ನೈರ್ಘೃಣ್ಯಶಂಕೆಯು ಕಡಮೆ, ಜೀವನ ಸ್ವಾತಂತ್ರ್ಯವೂ ಕಡಮೆ. ಎರಡನೆಯದರಲ್ಲಿ ಸ್ವಾತಂತ್ರ್ಯವು ಹೆಚ್ಚು, ಶಂಕೆಯೂ ಹೆಚ್ಚು. ಹೀಗೆ ತೂಗಿನೋಡುವುದೇ ಪರೀಕ್ಷೆ. ಇದು ‘ಮತಪರೀಕ್ಷಾ’ದಲ್ಲಿಯೂ ಇಲ್ಲ, ಅದರ ಮೊದಲ ಎರಡು ಉತ್ತರಗಳಲ್ಲಿಯೂ ಇಲ್ಲ.

ನೀಲಕಂಠರ ಗ್ರಂಥವೂ ನಿರ್ದೋಷವಲ್ಲ. ತರ್ಕಕ್ಕಿಂತ ಶ್ರದ್ಧೆಯು ಮುಂದು, ವೇದವಿರೋಧಿಯಾದ ತರ್ಕವು ಅಗ್ರಾಹ್ಯವೆಂದು ಅವರು ಪ್ರತಿಪಾದಿಸುತ್ತಾರೆ. ಹಾಗಾದರೆ ಪರರ ಶ್ರದ್ಧೆಯನ್ನು ತರ್ಕದಿಂದ ಖಂಡಿಸುವ ಅಧಿಕಾರವು ಎಲ್ಲಿಂದ ಬಂತು? ಈ ಪ್ರಶ್ನೆಯು ಅವರನ್ನು ಕಾಡಿತೋ ಇಲ್ಲವೋ ಊಹಿಸಿ ಹೇಳುವುದು ವಿಮರ್ಶೆಯಲ್ಲ. ನಡೆದುದಿಷ್ಟು: 1848ರಲ್ಲಿ ಜೌನಪುರದಲ್ಲಿ ಅವರು ಕ್ರೈಸ್ತದೀಕ್ಷೆಯನ್ನು ಪಡೆದು ನೆಹೆಮಿಯಾ ಎನಿಸಿಕೊಂಡರು. 1860ರಲ್ಲಿ ಹಿಂದಿಯಲ್ಲಿ ‘ಷಡ್ದರ್ಶನದರ್ಪಣ’ವನ್ನು ಬರೆದು, ತಾವು ಹಿಂದೆ ನಂಬಿದ್ದ ದರ್ಶನಗಳನ್ನೇ ಪರೀಕ್ಷಿಸಿದರು, 1862ರಲ್ಲಿ ಫಿಟ್ಜ್ ಎಡ್ವರ್ಡ್ ಹಾಲ್ ಅದನ್ನು ಇಂಗ್ಲಿಷಿಗೆ ತಂದರು. ಅಲ್ಲಿ ಪೂರ್ವಪಕ್ಷಕ್ಕೆ ಇರುವ ಬಲವು ಮ್ಯೂರರ ಗ್ರಂಥದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಏಕೆಂದರೆ ಅದು ಗ್ರಂಥಕರ್ತರ ನಿನ್ನೆಯ ಸಿದ್ಧಾಂತ. ಆದರೂ ಪರದರ್ಶನಗಳ ಖಂಡನೆಗೆ ಸಂದ ವಿಸ್ತಾರವು ಸ್ವಪಕ್ಷದ ಸ್ಥಾಪನೆಗೆ ಸಲ್ಲದಿರುವುದರಿಂದ, 1844ರ ಯುವಕನು ಕೇಳಿದುದಕ್ಕೆಲ್ಲ 1860ರ ಪ್ರೌಢನು ಉತ್ತರ ಕೊಟ್ಟನೆಂದು ಹೇಳಲಾಗದು.

ಮತಾಂತರವನ್ನು ಒಂದು ಪಕ್ಷದವರು ಜಯವೆಂದೂ ಇನ್ನೊಂದು ಪಕ್ಷದವರು ಪತನವೆಂದೂ ಎಣಿಸಿದ ಕಾರಣ, ಈ ಎರಡು ಗ್ರಂಥಗಳನ್ನು ಜೊತೆಯಲ್ಲಿಟ್ಟು ಓದುವ ವಾಡಿಕೆ ಬೆಳೆಯಲಿಲ್ಲ. ಸಂಸ್ಕೃತವಿದ್ಯೆಯಲ್ಲಿ ಬೆಳೆದ ಒಬ್ಬನೇ ಮನುಷ್ಯನು, ಅದೇ ಪರಿಭಾಷೆಯಲ್ಲಿ, ಮೊದಲು ಆಕ್ಷೇಪಕನಾಗಿಯೂ ಅನಂತರ ಸಮಾಧಾತೃವಾಗಿಯೂ ನಿಂತಿರುವುದು ಅಪೂರ್ವ. ಎರಡನ್ನೂ ಕೂಡಿಸಿದರೆ ಮ್ಯೂರರು ಬರೆಯಲೆಳಸಿ ಬರೆಯಲಾರದೆ ಹೋದ ಸಂವಾದವು ದೊರೆಯುತ್ತದೆ; ಅದರಲ್ಲಿ ಶಿಷ್ಯನು ಗುರುವಿಗೆ ಕಡಮೆಯಾದವನಲ್ಲ. ಪಾಠಹೇಳುವವರು ವಿದ್ಯಾರ್ಥಿಗಳ ಮುಂದೆ ಒಂದನ್ನು ಮಾತ್ರ ತೆರೆದಿಟ್ಟರೆ ಅದು ಪಕ್ಷಪಾತ. ಎರಡನ್ನೂ ತೆರೆದಿಟ್ಟರೆ ಅದು ಶಾಸ್ತ್ರಪಾಠ.