ಯಂತ್ರದ ಅಭಿಮಾನ, ಅಕ್ಷರದ ಪಾಡು

ಕಂಪ್ಯೂಟರ್ ಕೊಳ್ಳುವವನು ಒಂದು ಯಂತ್ರವನ್ನಷ್ಟೇ ಮನೆಗೆ ತರುತ್ತಾನೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅನೇಕರು ಅದರೊಂದಿಗೆ ಒಂದು ಪಕ್ಷವನ್ನೂ ಸೇರಿಕೊಳ್ಳುತ್ತಾರೆ. ವಿಂಡೋಸ್ ಅಭಿಮಾನಿಗೆ ಮ್ಯಾಕ್ ಎಂದರೆ ಶ್ರೀಮಂತರ ಆಟಿಕೆ. ಮ್ಯಾಕ್ ಅಭಿಮಾನಿಗೆ ವಿಂಡೋಸ್ ಎಂದರೆ ವೈರಸ್‌ಗಳ ಗೂಡು. ಲಿನಕ್ಸ್ ಅಭಿಮಾನಿಯ ಕಣ್ಣಿಗೆ ಇವರಿಬ್ಬರೂ ಕಂಪೆನಿಗಳ ಗುಲಾಮರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಾದ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೆ ಈ ವಾಗ್ವಾದ ಹೊಸತೇನಲ್ಲ. ಇದನ್ನು ಹುಡುಗಾಟವೆಂದು ನಕ್ಕು ಬಿಡಬಹುದಿತ್ತು. ಆದರೆ ಈ ಜಗಳದಲ್ಲಿ ಕೇಳಿ ಬಾರದ ಒಂದು ಪ್ರಶ್ನೆಯಿದೆ. ಅದು ನಮ್ಮ ಪ್ರಶ್ನೆ.

ಮೊದಲು, ಈ ಪಕ್ಷಗಳು ಹುಟ್ಟಿದ್ದು ಹೇಗೆ? 1984ರಲ್ಲಿ ಆಪಲ್ ಕಂಪೆನಿ ತನ್ನ ಮ್ಯಾಕಿಂತೋಶ್‌ಗಾಗಿ ರಿಡ್ಲಿ ಸ್ಕಾಟ್ ಎಂಬ ಸಿನಿಮಾ ನಿರ್ದೇಶಕನಿಂದ ಜಾಹೀರಾತು ಮಾಡಿಸಿತು. ಬೂದುಬಣ್ಣದ ಜನಜಂಗುಳಿಯ ನಡುವಿನಿಂದ ಓಡಿ ಬರುವ ಯುವತಿ, ಸರ್ವಾಧಿಕಾರಿ ಮಾತಾಡುತ್ತಿರುವ ಪರದೆಗೆ ಸುತ್ತಿಗೆ ಎಸೆಯುತ್ತಾಳೆ. 2006ರಿಂದ 2009ರವರೆಗೆ ಬಂದ ಇನ್ನೊಂದು ಸರಣಿಯಲ್ಲಿ ಮ್ಯಾಕ್ ಎಂದರೆ ಹಗುರ ಉಡುಪಿನ ಲವಲವಿಕೆಯ ಯುವಕ, ಪಿಸಿ ಎಂದರೆ ಸೂಟು ತೊಟ್ಟು ಏದುಸಿರು ಬಿಡುವ ಗುಮಾಸ್ತ. ಇವು ಮಾರುತ್ತಿದ್ದುದು ಯಂತ್ರದ ಗುಣವನ್ನಲ್ಲ, ಕೊಳ್ಳುವವನ ಘನತೆಯನ್ನು. ನೀನು ಯಾರೆಂಬುದನ್ನು ನಿನ್ನ ಮೇಜಿನ ಮೇಲಿನ ಪೆಟ್ಟಿಗೆ ಹೇಳುತ್ತದೆ ಎಂದು ಅವು ಪಾಠ ಮಾಡಿದವು. ಜನ ಆ ಪಾಠವನ್ನು ಚೆನ್ನಾಗಿಯೇ ಕಲಿತರು.

ಕಂಪೆನಿಗಳು ಮಾತ್ರ ಈ ಪಾಠವನ್ನು ತಾವು ಕಲಿಯಲಿಲ್ಲ. 1997ರ ಆಗಸ್ಟ್‌ನಲ್ಲಿ ಸ್ಟೀವ್ ಜಾಬ್ಸ್, ಮೈಕ್ರೋಸಾಫ್ಟ್ ತಮ್ಮಲ್ಲಿ 15 ಕೋಟಿ ಡಾಲರ್ ಹೂಡುತ್ತಿದೆಯೆಂದು ಬಾಸ್ಟನ್‌ನಲ್ಲಿ ಸೇರಿದ್ದ ಅಭಿಮಾನಿಗಳೆದುರು ಘೋಷಿಸಿದರು. ಪರದೆಯ ಮೇಲೆ ಬಿಲ್ ಗೇಟ್ಸ್ ಮುಖ ಮೂಡಿದಾಗ ಸಭೆಯಲ್ಲಿ ಧಿಕ್ಕಾರದ ಕೂಗೆದ್ದಿತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದವರು ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್. ಅದೇ ಕಂಪೆನಿ 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಸದಸ್ಯನಾಯಿತು. ಮಾಲಕರು ಲಾಭ ಕಂಡಲ್ಲಿ ಕೈ ಕುಲುಕುತ್ತಾರೆ. ಅಭಿಮಾನಿಗಳು ಹಗೆಯನ್ನು ಹೊತ್ತು ತಿರುಗುತ್ತಾರೆ.

ಇಟಲಿಯ ಚಿಂತಕ ಉಂಬರ್ಟೊ ಇಕೋ 1994ರಲ್ಲಿ ಈ ಜಗಳವನ್ನು ಮತಪಂಥಗಳ ಜಗಳಕ್ಕೆ ಹೋಲಿಸಿ ಒಂದು ವಿನೋದ ಬರಹ ಬರೆದರು. ಭಕ್ತರನ್ನು ಹೆಜ್ಜೆ ಹೆಜ್ಜೆಗೂ ಕೈಹಿಡಿದು ನಡೆಸುವ ಮ್ಯಾಕಿಂತೋಶ್ ಕ್ಯಾಥೊಲಿಕ್ ಪಂಥದಂತೆ, ಎಲ್ಲ ನಿರ್ಧಾರಗಳ ಭಾರವನ್ನೂ ಬಳಕೆದಾರನ ಹೆಗಲಿಗೇ ಹಾಕುವ ಡಾಸ್ ಪ್ರಾಟೆಸ್ಟಂಟ್ ಪಂಥದಂತೆ. ಹೋಲಿಕೆ ಜಾಣತನದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳಗಾವಿಯಲ್ಲಿ ಕುಳಿತು ಓದುವವರಿಗೆ ಅದರಲ್ಲೊಂದು ಕೊರತೆ ಕಾಣುತ್ತದೆ. ಇಕೋ ಹೇಳಿದ ಎರಡೂ ಪಂಥಗಳ ಗ್ರಂಥ ಒಂದೇ ರೋಮನ್ ಲಿಪಿಯಲ್ಲಿತ್ತು. ಯಾವ ಇಗರ್ಜಿಗೆ ಹೋದರೂ ಅವರ ಅಕ್ಷರ ಅಲ್ಲಿರುತ್ತಿತ್ತು. ನಮ್ಮ ಅಕ್ಷರ?

ಬೆಳಗಾವಿ ಮತ್ತು ಖಾನಾಪುರಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ದಿನನಿತ್ಯದ ಭಾಷೆಗಳು. ಒಂದು ಮದುವೆಯ ಕಾಗದಕ್ಕೆ ಕೆಲವೊಮ್ಮೆ ಮೂರು ಲಿಪಿಗಳು ಬೇಕಾಗುತ್ತವೆ. ವಿಂಡೋಸ್‌ನಲ್ಲಿ ಕನ್ನಡ ಸಹಜವಾಗಿ ಮೂಡುವ ವ್ಯವಸ್ಥೆ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಮ್ಯಾಕ್‌ನೊಳಗೇ ಕನ್ನಡದ ಅಕ್ಷರಶೈಲಿ ಬಂದದ್ದು 2011ರ ಜುಲೈಯಲ್ಲಿ, 'ಲಯನ್' ಆವೃತ್ತಿಯೊಂದಿಗೆ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ವೈಭವದಿಂದ ನಡೆದಿತ್ತೆಂಬುದನ್ನು ನೆನಪಿಸಿಕೊಳ್ಳಬೇಕು. ಉರ್ದುವಿನ ನಸ್ತಾಲೀಖ್ ಬರಹದಲ್ಲಿ ಪದಗಳು ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುತ್ತವೆ. ಅದಕ್ಕಾಗಿ 1994ರಿಂದ 'ಇನ್‌ಪೇಜ್' ಎಂಬ ಪ್ರತ್ಯೇಕ ತಂತ್ರಾಂಶವನ್ನೇ ಅವಲಂಬಿಸಬೇಕಾಯಿತು. ಆಪಲ್‌ನ ಫೋನುಗಳಲ್ಲಿ ನಸ್ತಾಲೀಖ್ ಕಾಣಿಸಿಕೊಂಡದ್ದು 2017ರಲ್ಲಿ.

ನಮ್ಮಲ್ಲೂ ಒಂದು ಸ್ವದೇಶಿ ಪೈಪೋಟಿ ನಡೆಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರಕಾರದ ಬೆಂಬಲವಿದ್ದ 'ನುಡಿ' ಅದರ ಹಿಂದೆಯೇ ಬಂತು. ಯಾವುದು ಮೇಲು ಎಂದು ಕನ್ನಡಿಗರು ವರ್ಷಗಟ್ಟಲೆ ಕಾದಾಡಿದರು. ಎರಡೂ ವಿಂಡೋಸ್‌ಗಾಗಿ ರೂಪುಗೊಂಡವು. ಎರಡರ ಹಳೆಯ ಅಕ್ಷರ ಸಂಕೇತಗಳೂ ಬಹುಪಾಲು ಒಂದೇ. ಆ ಸಂಕೇತದಲ್ಲಿ 'ಕ' ಎಂದು ಬರೆದರೆ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು 'ಕ' ಅಲ್ಲ. ಅಲ್ಲಿರುವುದು ಇಂಗ್ಲಿಷಿನ 'ಪಿ' ಮತ್ತು ಅದರ ಪಕ್ಕ ತಲೆಗೆ ಗೆರೆಯಿರುವ ಒಂದು 'ಎ'. ಅವುಗಳಿಗೆ ಕನ್ನಡದ ಮುಖವಾಡ ತೊಡಿಸಲಾಗಿದೆ, ಅಷ್ಟೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಮುಖವಾಡ ಕಳಚುತ್ತದೆ, ಉಳಿಯುವುದು ಅರ್ಥವಿಲ್ಲದ ಗೀಚು. ಇದಕ್ಕೆ ಮದ್ದು ಯೂನಿಕೋಡ್. ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪುವ ಒಂದು ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಜಾಗವಿತ್ತು. ಫ಼ಾತಿಮಾ, ಅಜ಼ೀಜ಼್‌ನಂತಹ ಹೆಸರುಗಳ ಉಚ್ಚಾರವನ್ನು ಕನ್ನಡದಲ್ಲಿ ತೋರಿಸುವ ಕೆಳಚುಕ್ಕೆಗೂ 2003ರಲ್ಲಿ ಜಾಗ ಸಿಕ್ಕಿತು. ಆದರೆ ರಾಜ್ಯ ಸರಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡದ್ದು 2012ರಲ್ಲಿ. ಬಾಗಿಲು ತೆರೆದೇ ಇತ್ತು. ನಾವು ಹೊರಗೆ ನಿಂತು ಯಾವ ಬೀಗ ಚಂದವೆಂದು ಚರ್ಚಿಸುತ್ತಿದ್ದೆವು.

ಸ್ಪರ್ಧೆಯಿಂದಲೇ ಸುಧಾರಣೆಯಲ್ಲವೇ ಎಂದು ಕೇಳಬಹುದು. ನಿಜ, ಒಂದೇ ಕಂಪೆನಿಯ ಏಕಸ್ವಾಮ್ಯ ಯಾರಿಗೂ ಒಳ್ಳೆಯದಲ್ಲ. ತಂತ್ರಾಂಶವನ್ನು ಯಾರು ಬೇಕಾದರೂ ತೆರೆದು ನೋಡುವಂತಿರಬೇಕು, ತಿದ್ದುವಂತಿರಬೇಕು ಎಂಬ ಲಿನಕ್ಸ್ ಬಳಗದ ನಿಲುವಿನ ಹಿಂದೆ ಒಂದು ನೈತಿಕ ಪ್ರಶ್ನೆಯೇ ಇದೆ. ಅದನ್ನು ಅಭಿಮಾನದ ಅಬ್ಬರದೊಂದಿಗೆ ಸೇರಿಸಿ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಸ್ಪರ್ಧೆ ಸುಧಾರಣೆ ತರುವುದು ಬಳಕೆದಾರ ತನಗೆ ಬೇಕಾದುದನ್ನು ಕೇಳಿದಾಗ. ಅಭಿಮಾನಿ ಕೇಳುವುದಿಲ್ಲ, ಸಮರ್ಥಿಸುತ್ತಾನೆ. ತನ್ನ ಭಾಷೆ ಮೂಡದ ಯಂತ್ರವನ್ನೂ ಆತ ಹೊಗಳುತ್ತಾನೆ.

ಖಾನಾಪುರದಂತಹ ತಾಲೂಕು ಕೇಂದ್ರಗಳಿಗೆ ಕಂಪ್ಯೂಟರ್ ಸಾಮಾನ್ಯನ ಬದುಕಿಗೆ ಸಂಬಂಧಿಸಿದ ವಸ್ತುವಾಗಿ ಬಂದದ್ದು 'ಭೂಮಿ' ಯೋಜನೆಯ ಮೂಲಕ. 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಅಂದು 15 ರೂಪಾಯಿ ಕೊಟ್ಟು ಪಹಣಿ ಪಡೆದ ರೈತನಿಗೆ ಒಳಗಿರುವುದು ಯಾವ ಕಂಪೆನಿಯ ಯಂತ್ರವೆಂಬುದು ಮುಖ್ಯವಾಗಿರಲಿಲ್ಲ. ಹೆಸರು ಸರಿಯಾಗಿ ಮೂಡಿದೆಯೇ, ನಾಳೆ ಮಗ ಬಂದು ಕೇಳಿದರೂ ಅದೇ ದಾಖಲೆ ಸಿಗುತ್ತದೆಯೇ, ಇಷ್ಟೇ ಅವನಿಗೆ ಬೇಕಾದುದು. ತಂತ್ರಜ್ಞಾನದ ವಿಮರ್ಶೆಗೆ ಇದಕ್ಕಿಂತ ಉತ್ತಮ ಒರೆಗಲ್ಲು ನಮಗೆ ಕಾಣುತ್ತಿಲ್ಲ.

ಇಂದು ಜಗಳ ಮೇಜಿನಿಂದ ಅಂಗೈಗೆ ಇಳಿದಿದೆ. ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಹೆಸರಿನಲ್ಲಿ ಅದೇ ಹಳೆಯ ಮೇಲುಕೀಳು. ಎರಡರಲ್ಲೂ ಈಗ ಕನ್ನಡವಿದೆ, ಉರ್ದುವಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಹಿಂದಿನ ಬರಹಗಳ ಗತಿ? ಎಷ್ಟೋ ಸಣ್ಣ ಪತ್ರಿಕೆಗಳ ಸಂಚಿಕೆಗಳು, ಜಮಾಅತ್‌ಗಳ ದಾಖಲೆಗಳು, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು ಹಳೆಯ ಸಂಕೇತದ ಸಿಡಿಗಳಲ್ಲಿ ಮುಖವಾಡ ತೊಟ್ಟು ಕುಳಿತಿವೆ. ಹುಡುಕಿದರೆ ಸಿಗುವುದಿಲ್ಲ, ತೆರೆದರೆ ಓದಲು ಬರುವುದಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಬೇಕಾಗಿರುವುದು ಕೂತು ಮಾಡುವ ತಾಳ್ಮೆ. ಯಾವ ಯಂತ್ರ ಶ್ರೇಷ್ಠವೆಂದು ವಾದಿಸುವ ಯುವಕರು ತಮ್ಮ ಊರಿನ ಒಂದೊಂದು ಹಳೆಯ ಸಂಚಿಕೆಯನ್ನು ಹೀಗೆ ಬಿಡಿಸಿ ಕೊಟ್ಟರೆ, ಅವರ ಯಂತ್ರ ಯಾವುದಿದ್ದರೂ ನಮಗೆ ತಕರಾರಿಲ್ಲ.